ಕಮೆಯಿದೊದ ದುರ್ವಾಸನೆ

1993ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಟೋಕಿಯೋ ಮಹಾನಗರದ ಪೂರ್ವಭಾಗದ ಕಮೆಯಿದೊ ಎಂಬ ಬಡಾವಣೆಯ ನಿವಾಸಿಗಳು ಸ್ಥಳೀಯ ಆಡಳಿತದ ಕಚೇರಿಗೆ ಒಂದು ದೂರನ್ನು ಒಯ್ದರು. ತಮ್ಮ ನೆರೆಯ ಎಂಟಂತಸ್ತಿನ ಕಟ್ಟಡದ ಮಾಳಿಗೆಯಿಂದ ಸಹಿಸಲಾಗದ ದುರ್ವಾಸನೆ ಹೊರಡುತ್ತಿದೆ. ಅದರಿಂದ ಕೆಲವರಿಗೆ ಓಕರಿಕೆ, ಕೆಲವರಿಗೆ ಊಟ ಸೇರದಿರುವುದು. ದಯಮಾಡಿ ವಿಚಾರಿಸಬೇಕು ಎಂಬುದು ಅವರ ಅಹವಾಲು. ಅಧಿಕಾರಿಗಳು ಬಂದರು. ಕಟ್ಟಡ ಒಂದು ಧಾರ್ಮಿಕ ಸಂಸ್ಥೆಗೆ ಸೇರಿದ್ದು. ಒಳಗಿದ್ದವರು ಬಾಗಿಲು ತೆರೆಯಲು ಒಪ್ಪಲಿಲ್ಲ. ಅಧಿಕಾರಿಗಳು ಒತ್ತಾಯ ಮಾಡಲಿಲ್ಲ. ಹೊರಗೋಡೆಯ ಮೇಲೆ ಇಳಿದಿದ್ದ ಕಪ್ಪು ಛಾಯೆಯ ದ್ರವವನ್ನಷ್ಟು ಸಂಗ್ರಹಿಸಿಕೊಂಡು ಹಿಂದಿರುಗಿದರು. ಆ ದ್ರವದ ಮಾದರಿ ಶೀತಪೆಟ್ಟಿಗೆಯೊಂದನ್ನು ಸೇರಿತು. ಕೆಲವು ದಿನಗಳಲ್ಲಿ ವಾಸನೆ ಅಡಗಿತು, ದೂರೂ ಅಡಗಿತು.

ವಾಸನೆಯ ದೂರಿನಿಂದ ಚರಿತ್ರೆಯ ಮಾತನ್ನು ಪ್ರಾರಂಭಿಸುವುದು ಕೇಳುವವರಿಗೆ ಸೋಜಿಗವೆನಿಸಬಹುದು. ಆದರೆ ದೊಡ್ಡ ಸಂಗತಿಗಳು ಸರಕಾರಗಳ ಬಾಗಿಲಿಗೆ ಮೊದಲು ಬರುವುದು ಇಂಥ ಚಿಕ್ಕ ಅರ್ಜಿಗಳ ರೂಪದಲ್ಲಿಯೇ. ಅಂದು ಕಮೆಯಿದೊದ ಮಾಳಿಗೆಯಿಂದ ಹೊರಬರುತ್ತಿದ್ದುದು ದನಕುರಿಗಳನ್ನೂ ಮನುಷ್ಯರನ್ನೂ ಕೊಲ್ಲಬಲ್ಲ ಆಂಥ್ರಾಕ್ಸ್ ರೋಗದ ಅಣುಜೀವಿಗಳ ಸಾರ. ನಗರವೊಂದರ ಮೇಲೆ ರೋಗವನ್ನೇ ಮಳೆಗರೆಯಬೇಕೆಂದು ಒಂದು ಖಾಸಗಿ ಕೂಟ ಹೂಡಿದ ಸಾಹಸ ಅದು. ಸರಕಾರಕ್ಕೆ ಅದು ತಿಳಿಯಲಿಲ್ಲ. ತಿಳಿಯುವ ಬಗೆಯೂ ಅದರ ಬಳಿ ಇರಲಿಲ್ಲ.

ಆ ಕೂಟದ ಹೆಸರು ಓಂ ಶಿನ್‌ರಿಕ್ಯೊ. ಶಿನ್‌ರಿಕ್ಯೊ ಎಂದರೆ ಪರಮಸತ್ಯದ ಬೋಧೆ. ಮೊದಲ ಪದದ ಅರ್ಥವನ್ನು ನಮಗೆ ಯಾರೂ ಹೇಳಬೇಕಾಗಿಲ್ಲ. 1955ರಲ್ಲಿ ಕ್ಯೂಶು ದ್ವೀಪದಲ್ಲಿ ಹುಟ್ಟಿದ, ದೃಷ್ಟಿಮಾಂದ್ಯವುಳ್ಳ ಮತ್ಸುಮೊಟೊ ಚಿಜುಒ ಎಂಬಾತ 1984ರಲ್ಲಿ ಟೋಕಿಯೋದಲ್ಲಿ ಒಂದು ಸಣ್ಣ ಯೋಗಶಾಲೆಯನ್ನು ತೆರೆದ. ಮುಂದೆ ಅಸಹರಾ ಶೋಕೊ ಎಂಬ ಹೆಸರನ್ನು ತಳೆದು ಗುರುವಾದ. ಶಿವನ ಹೆಸರನ್ನೂ ಬುದ್ಧನ ಹೆಸರನ್ನೂ ಟಿಬೆಟ್ಟಿನ ಬೌದ್ಧ ಪರಿಭಾಷೆಯನ್ನೂ ಕ್ರೈಸ್ತರ ಪ್ರಳಯದ ಕಲ್ಪನೆಯನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ ಪಾಕ ಅವನ ಉಪದೇಶ. ತನ್ನ ಆಶ್ರಮದ ಕಟ್ಟಡಗಳಿಗೆ ಅವನು ಇಟ್ಟ ಹೆಸರು ‘ಸತ್ಯನ್’. ಅದು ನಮ್ಮ ‘ಸತ್ಯಂ’ ಎಂಬುದರ ಜಪಾನೀ ಉಚ್ಚಾರ. ಏಳನೆಯ ಸತ್ಯನ್ನಿನೊಳಗೆ ವಿಷವಾಯುವಿನ ಕಾರ್ಖಾನೆ ಇತ್ತೆಂಬುದನ್ನು ಮುಂದೆ ಓದಿದಾಗ, ಉಪನಿಷತ್ತುಗಳ ಮಾತನ್ನು ಎಳವೆಯಿಂದ ಕೇಳುತ್ತ ಬಂದ ನನ್ನಂಥವನಿಗೆ ಆದ ಮುಜುಗರವನ್ನು ಮುಚ್ಚಿಡಲಾರೆ. ಶಬ್ದಗಳು ಯಾರ ಸೊತ್ತೂ ಅಲ್ಲವಷ್ಟೆ.

ಜಪಾನಿನಲ್ಲಿ ಅವನ ಅನುಯಾಯಿಗಳ ಸಂಖ್ಯೆ ಹತ್ತು ಸಾವಿರದವರೆಗೆ ಬೆಳೆಯಿತು. ಅವರಲ್ಲಿ ವೈದ್ಯರಿದ್ದರು, ಭೌತಶಾಸ್ತ್ರ ರಸಾಯನಶಾಸ್ತ್ರಗಳನ್ನು ಒಳ್ಳೆಯ ವಿಶ್ವವಿದ್ಯಾನಿಲಯಗಳಲ್ಲಿ ಅಭ್ಯಾಸ ಮಾಡಿದ ತರುಣರಿದ್ದರು. ರೋಗಾಣುಗಳ ಕೆಲಸವನ್ನು ವಹಿಸಿಕೊಂಡ ಎಂಡೊ ಸೀಯಿಚಿ ಎಂಬಾತ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ್ದವನು. 1989ರ ಆಗಸ್ಟಿನಲ್ಲಿ ಟೋಕಿಯೋ ಸರಕಾರವು ಈ ಕೂಟವನ್ನು ಧಾರ್ಮಿಕ ಸಂಸ್ಥೆಯೆಂದು ವಿಧಿವತ್ತಾಗಿ ನೋಂದಾಯಿಸಿತು. ತೆರಿಗೆಯ ರಿಯಾಯಿತಿ ಅದರ ಒಂದು ಫಲ. ಅಧಿಕಾರಿಗಳ ಸಂಕೋಚ ಅದಕ್ಕಿಂತಲೂ ದೊಡ್ಡ ಫಲ. ಅದಾಗಿ ಮೂರು ತಿಂಗಳಾಗುವುದರೊಳಗೆ, ಕೂಟದ ವಿರುದ್ಧ ಪೋಷಕರ ಪರವಾಗಿ ವಾದಿಸುತ್ತಿದ್ದ ಸಕಮೊಟೊ ತ್ಸುತ್ಸುಮಿ ಎಂಬ ಯುವ ನ್ಯಾಯವಾದಿ, ಆತನ ಪತ್ನಿ, ಒಂದು ವರ್ಷದ ಕೂಸು, ಮೂವರೂ ಯೊಕೊಹಾಮದ ತಮ್ಮ ಮನೆಯಿಂದ ಕಣ್ಮರೆಯಾದರು. ಮನೆಯಲ್ಲಿ ಆ ಕೂಟದ ಲಾಂಛನವೊಂದು ಬಿದ್ದಿತ್ತು. ಆದರೂ ಪೊಲೀಸರು ಇದನ್ನು ಕೊಲೆಯೆಂದು ಹಿಡಿದು ನಡೆಯಲಿಲ್ಲ. ಅವರ ಶವಗಳು ದೊರೆತದ್ದು ಆರು ವರ್ಷಗಳ ಬಳಿಕ, 1995ರ ಸೆಪ್ಟೆಂಬರಿನಲ್ಲಿ.

ಇಷ್ಟು ಹಿಂಜರಿಕೆ ಏಕೆ? ಜಡತೆ, ಅಸಡ್ಡೆ ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳಿದವರು ಜಪಾನಿನಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗದು. ಆ ದೇಶದ ಪೊಲೀಸರ ನೆನಪಿನಲ್ಲಿ ಬೇರೊಂದು ಕಾಲವಿತ್ತು. 1925ರ ಶಾಂತಿರಕ್ಷಣಾ ಕಾಯಿದೆಯ ಬಲದಿಂದ ಸಾಮ್ರಾಜ್ಯದ ಪೊಲೀಸರು ಕಮ್ಯೂನಿಸ್ಟರನ್ನು ಬೇಟೆಯಾಡಿದರು. ಅದೇ ಕಾಯಿದೆಯನ್ನು ಹಿಡಿದು 1935ರಲ್ಲಿ ಓಮೊತೊ ಎಂಬ ಹೊಸ ಧರ್ಮಪಂಥದ ಮೇಲೆ ಬಿದ್ದು, ಅದರ ಮಂದಿರಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. ಯುದ್ಧದ ಸೋಲಿನ ನಂತರ 1947ರಲ್ಲಿ ಜಾರಿಗೆ ಬಂದ ಸಂವಿಧಾನವು ಧರ್ಮಸ್ವಾತಂತ್ರ್ಯವನ್ನು ಸಂದೇಹಕ್ಕೆಡೆಯಿಲ್ಲದ ಮಾತುಗಳಲ್ಲಿ ಘೋಷಿಸಿತು. ಧಾರ್ಮಿಕ ಸಂಸ್ಥೆಯ ಹೊಸ್ತಿಲನ್ನು ದಾಟುವ ಪೊಲೀಸನು ಹಿಂದಿನ ಪಾಪವನ್ನು ಮತ್ತೆ ಮಾಡುತ್ತಿದ್ದಾನೆಂಬ ಅಳುಕು ಆಡಳಿತದ ಮೈಯಲ್ಲಿ ಸೇರಿಹೋಗಿತ್ತು. ತನ್ನ ಹಳೆಯ ದೌರ್ಜನ್ಯವನ್ನು ನೆನೆದು ಕೈ ಹಿಂದೆಗೆಯುವ ಸರಕಾರ ಸಾಮಾನ್ಯವಾಗಿ ಮೆಚ್ಚತಕ್ಕದ್ದೇ. ಇಲ್ಲಿ ಆ ಮೆಚ್ಚತಕ್ಕ ಗುಣದ ಮರೆಯಲ್ಲಿಯೇ ಕೊಲೆಗಾರರು ಬೆಳೆದರು.

ಇನ್ನೊಂದು ತೊಡಕು ಪೊಲೀಸ್ ವ್ಯವಸ್ಥೆಯದು. ಜಪಾನಿನಲ್ಲಿ ಅಪರಾಧದ ತನಿಖೆ ಆಯಾ ಪ್ರಾಂತದ ಪೊಲೀಸರ ಹೊಣೆ. ವಕೀಲನ ಕುಟುಂಬ ಕಾಣೆಯಾದದ್ದು ಕನಗವಾ ಪ್ರಾಂತದಲ್ಲಿ. ವಾಸನೆ ಬಂದದ್ದು ಟೋಕಿಯೋದಲ್ಲಿ. ಕಾರ್ಖಾನೆ ಇದ್ದದ್ದು ಫೂಜಿ ಪರ್ವತದ ತಪ್ಪಲಿನ ಕಮಿಕುಯಿಶಿಕಿ ಎಂಬ ಹಳ್ಳಿಯಲ್ಲಿ, ಅದು ಯಮನಶಿ ಪ್ರಾಂತ. ಮುಂದೆ ವಿಷವಾಯು ಹರಡಿದ್ದು ನಗಾನೊ ಪ್ರಾಂತದಲ್ಲಿ. ಒಬ್ಬೊಬ್ಬರ ಕಡತದಲ್ಲಿ ಒಂದೊಂದು ಹಾಳೆ. ಎಲ್ಲವನ್ನೂ ಒಟ್ಟಿಗೆ ಹೊಲಿಯುವ ಕೈ ಇರಲಿಲ್ಲ.

ಕಮೆಯಿದೊದ ಆಂಥ್ರಾಕ್ಸಿನಿಂದ ಒಬ್ಬರೂ ಸಾಯಲಿಲ್ಲವೆಂಬುದು ಹೇಗೆ? ಅದಕ್ಕೆ ಉತ್ತರ ಶೀತಪೆಟ್ಟಿಗೆಯಲ್ಲಿತ್ತು. ಆರು ವರ್ಷ ಕಳೆದು, 1999ರಲ್ಲಿ ಆ ಮಾದರಿಯನ್ನು ಹೊರತೆಗೆದು ಪರೀಕ್ಷಿಸಿದಾಗ ಜೀವಂತ ಅಣುಜೀವಿಗಳು ಇನ್ನೂ ಅದರಲ್ಲಿದ್ದವು. ಅಮೆರಿಕದ ಅರಿಜೋನಾದ ಪ್ರಯೋಗಾಲಯವೊಂದು ಅವುಗಳ ವಂಶವಾಹಿಯನ್ನು ಪರಿಶೀಲಿಸಿ, ಇವು ಸ್ಟರ್ನ್ ಎಂಬ ತಳಿಗೆ ಸೇರಿದವೆಂದು ಕಂಡುಹಿಡಿಯಿತು. ಸ್ಟರ್ನ್ ತಳಿ ಎಂದರೆ ದನಗಳಿಗೆ ಲಸಿಕೆ ಹಾಕಲು ಬಳಸುವ, ರೋಗ ತರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಜಾತಿ. ಮಹಾಸಂಹಾರಕ್ಕೆಂದು ಹೊರಟವರು ಅರಿಯದೆಯೋ, ಬೇರೆ ದೊರೆಯದೆಯೋ, ಊರಿನ ಮೇಲೆ ಲಸಿಕೆಯ ತಳಿಯನ್ನು ಸಿಂಪಡಿಸಿದ್ದರು! ಅದಕ್ಕೂ ಮೊದಲು 1990ರಲ್ಲಿ ಬಾಟುಲಿನಮ್ ಎಂಬ ಘೋರ ವಿಷವನ್ನು ತಯಾರಿಸಿ ವಾಹನಗಳಿಂದ ಸಿಂಪಡಿಸಲು ಯತ್ನಿಸಿ ಸೋತಿದ್ದರು. ರೋಗಾಣುವನ್ನು ಬೆಳೆಸುವುದು ಒಂದು ವಿದ್ಯೆ; ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸೂಕ್ಷ್ಮವಾದ ಧೂಳಾಗಿ ಅದನ್ನು ಮಾಡುವುದು ಬೇರೊಂದು ವಿದ್ಯೆ. ಎರಡನೆಯದು ಇವರಿಗೆ ಒಲಿಯಲಿಲ್ಲ. ಹಣಕ್ಕೆ ಕೊರತೆ ಇರಲಿಲ್ಲ, ಪದವೀಧರರಿಗೆ ಕೊರತೆ ಇರಲಿಲ್ಲ; ಆದರೂ ಸೋತರು. ಹೀಗೆ ಸೋತಾಗಲೇ ಅವರು ರೋಗಾಣುವನ್ನು ಬಿಟ್ಟು ರಾಸಾಯನಿಕದ ಕಡೆಗೆ ಹೊರಳಿದ್ದು.

ಸಾರಿನ್ ಎಂಬುದು 1938ರಲ್ಲಿ ಜರ್ಮನಿಯ ಕೀಟನಾಶಕ ಸಂಶೋಧಕರು ಕಂಡುಹಿಡಿದ ನರವಿಷ. ಬಣ್ಣವಿಲ್ಲ, ಶುದ್ಧವಾಗಿದ್ದರೆ ವಾಸನೆಯೂ ಇಲ್ಲ. ನರವು ಸ್ನಾಯುವಿಗೆ ಆಜ್ಞೆ ಕೊಟ್ಟ ಮೇಲೆ ಆ ಆಜ್ಞೆಯನ್ನು ಅಳಿಸಿಹಾಕುವ ಕಿಣ್ವವೊಂದು ನಮ್ಮ ದೇಹದಲ್ಲಿದೆ. ಸಾರಿನ್ ಅದನ್ನು ಕಟ್ಟಿಹಾಕುತ್ತದೆ. ಆಗ ಸ್ನಾಯುಗಳಿಗೆ ಬಿಡುವೇ ಇಲ್ಲದಂತಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿ, ಕೊನೆಗೆ ಉಸಿರಾಟ ನಿಲ್ಲುತ್ತದೆ.

1994ರ ಜೂನ್ 27ರ ರಾತ್ರಿ ನಗಾನೊ ಪ್ರಾಂತದ ಮತ್ಸುಮೊಟೊ ಎಂಬ ನಗರದಲ್ಲಿ, ವಸತಿಗಳ ನಡುವೆ ನಿಲ್ಲಿಸಿದ ಲಾರಿಯೊಂದರಿಂದ ಅವರು ಈ ವಿಷವನ್ನು ಹರಿಯಬಿಟ್ಟರು. ಕೂಟದ ಮೇಲಿನ ಒಂದು ಭೂವ್ಯಾಜ್ಯದ ವಿಚಾರಣೆ ನಡೆಸುತ್ತಿದ್ದ ನ್ಯಾಯಾಧೀಶರು ಆ ಬೀದಿಯಲ್ಲಿ ವಾಸಿಸುತ್ತಿದ್ದರು, ಅವರೇ ಗುರಿ. ನ್ಯಾಯಾಧೀಶರು ಅಸ್ವಸ್ಥರಾಗಿ ಉಳಿದುಕೊಂಡರು; ನೆರೆಹೊರೆಯವರು ಏಳು ಮಂದಿ ಸತ್ತರು. ಅಂದು ರಾತ್ರಿ ತುರ್ತು ಸೇವೆಗೆ ಮೊದಲು ದೂರವಾಣಿ ಮಾಡಿದವನು ಅದೇ ಬೀದಿಯ ಒಬ್ಬ ಗೃಹಸ್ಥ. ಅವನ ಹೆಂಡತಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವನೂ ವಿಷವನ್ನು ಉಸಿರಾಡಿದ್ದ. ಮರುದಿನ ಪೊಲೀಸರು ಶೋಧಿಸಿದ್ದು ಅವನ ಮನೆಯನ್ನೇ! ಮನೆಯಲ್ಲಿ ಕೆಲವು ರಾಸಾಯನಿಕಗಳು ದೊರೆತವು. ಅಷ್ಟೇ ಸಾಕಾಯಿತು. ಪತ್ರಿಕೆಗಳೂ ದೂರದರ್ಶನವೂ ತಿಂಗಳುಗಟ್ಟಲೆ ಅವನನ್ನು ಕೊಲೆಗಾರನಂತೆ ಚಿತ್ರಿಸಿದವು. ಮನೆಯಲ್ಲಿದ್ದ ಪದಾರ್ಥಗಳಿಂದ ಸಾರಿನ್ ತಯಾರಿಸುವುದು ಅಸಾಧ್ಯವೆಂದು ರಸಾಯನಶಾಸ್ತ್ರ ಬಲ್ಲವರು ಹೇಳುತ್ತಿದ್ದರೂ ಕಿವಿಗೊಟ್ಟವರು ಕಡಮೆ. ಒಂಬತ್ತು ತಿಂಗಳ ಬಳಿಕ ನಿಜ ಹೊರಬಿದ್ದಾಗ ಪತ್ರಿಕೆಗಳು ಕ್ಷಮೆ ಕೇಳಿದವು. ಸರಕಾರದ ಸಚಿವರೊಬ್ಬರೂ ಕ್ಷಮೆ ಕೋರಿದರು. ಆ ಗೃಹಸ್ಥ ಮುಂದೆ, 2002ರಲ್ಲಿ, ಪೊಲೀಸರ ಮೇಲ್ವಿಚಾರಣೆ ನಡೆಸುವ ಪ್ರಾಂತೀಯ ಸಾರ್ವಜನಿಕ ಸುರಕ್ಷಾ ಆಯೋಗದ ಸದಸ್ಯನಾಗಿ ನೇಮಕಗೊಂಡ. ಕತೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತೆಂದು ಹೇಳುತ್ತಿದ್ದೆವೇನೊ.

ಮನುಷ್ಯರಂತೆ ಸರಕಾರಗಳಿಗೂ ಹತ್ತಿರದ ವಸ್ತು ಬೇಗ ಕಾಣುತ್ತದೆ. ಊಹೆಗೆ ನಿಲುಕದ ಅಪರಾಧ ನಡೆದಾಗ ಅದನ್ನು ಊಹೆಗೆ ನಿಲುಕುವ ಅಪರಾಧವಾಗಿ ಮಾಡಿಕೊಳ್ಳುವ ಒತ್ತಾಸೆ ಬಲವಾಗಿರುತ್ತದೆ. ಹತ್ತು ವರ್ಷ ಮೊದಲು, 1984ರಲ್ಲಿ, ಅಮೆರಿಕದ ಓರೆಗಾನ್ ರಾಜ್ಯದ ದಿ ಡ್ಯಾಲೆಸ್ ಎಂಬ ಊರಿನ ಭೋಜನಾಲಯಗಳಲ್ಲಿ 751 ಮಂದಿ ಸಾಲ್ಮೊನೆಲ್ಲಾ ರೋಗಾಣುವಿನಿಂದ ಹಾಸಿಗೆ ಹಿಡಿದಾಗಲೂ ಹೀಗೆಯೇ ಆಗಿತ್ತು. ಅಲ್ಲಿಯ ಆರೋಗ್ಯಾಧಿಕಾರಿಗಳು ಅಡುಗೆಯವರ ಕೈ ಕೊಳಕೆಂದು ಬರೆದರು. ನಮ್ಮ ದೇಶದಿಂದ ಹೋಗಿ ನೆಲೆಸಿದ್ದ ರಜನೀಶರ ಆಶ್ರಮದ ಕೆಲವರು ಸ್ಥಳೀಯ ಚುನಾವಣೆಯನ್ನು ಗೆಲ್ಲುವ ಹಂಚಿಕೆಯಿಂದ ತರಕಾರಿಯ ಮೇಲೆ ರೋಗಾಣುವನ್ನು ಚಿಮುಕಿಸಿದ್ದರೆಂಬುದು ಬಯಲಾದದ್ದು ಮರುವರ್ಷ, ಆಶ್ರಮದಲ್ಲಿಯೇ ಒಡಕು ಹುಟ್ಟಿದ ಮೇಲೆ.

1994ರ ಕೊನೆಗೆ ಜಪಾನಿನ ಪೊಲೀಸರು ಎಚ್ಚರಗೊಂಡಿದ್ದರು. ಕಮಿಕುಯಿಶಿಕಿಯ ಮಣ್ಣಿನಲ್ಲಿ ಸಾರಿನ್ನಿನ ಅವಶೇಷಗಳು ದೊರೆತವು. 1995ರ ಜನವರಿ 1ರಂದು ಯೊಮಿಯುರಿ ಪತ್ರಿಕೆ ಅದನ್ನು ಮುಖಪುಟದಲ್ಲಿ ಪ್ರಕಟಿಸಿಯೂ ಬಿಟ್ಟಿತು. ಅದೇ ತಿಂಗಳ 17ರಂದು ಕೋಬೆಯ ಭೂಕಂಪ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ದೇಶದ ಗಮನವೆಲ್ಲ ಅತ್ತ ಹರಿಯಿತು. ಸಾರಿನ್ ತಯಾರಿಸುವುದನ್ನೇ ಅಪರಾಧವೆಂದು ಹೇಳುವ ಕಾನೂನು ಆಗ ಜಪಾನಿನಲ್ಲಿ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಫೆಬ್ರವರಿಯ ಕೊನೆಯಲ್ಲಿ ಟೋಕಿಯೋದ ಹಾಡುಹಗಲಿನಲ್ಲಿ ಒಬ್ಬರನ್ನು ಅಪಹರಿಸಿದಾಗ ಪೊಲೀಸರಿಗೆ ಸ್ಪಷ್ಟವಾದ ಹಿಡಿತ ಸಿಕ್ಕಿತು. ಮಾರ್ಚ್ 22ಕ್ಕೆ ದಾಳಿ ನಿಶ್ಚಯವಾಯಿತು. ಸೈನ್ಯದಿಂದ ವಿಷವಾಯು ತಡೆಯುವ ಉಡುಪುಗಳನ್ನು ತರಿಸಿ ಪೊಲೀಸರು ಅಭ್ಯಾಸವನ್ನೂ ಮಾಡಿದರು. ಸುದ್ದಿ ಕೂಟದ ಕಿವಿಗೆ ಬಿತ್ತು. ದಾಳಿಗೆ ಎರಡು ದಿನ ಮೊದಲು, ಸೋಮವಾರ ಬೆಳಗ್ಗೆ ಎಂಟರ ಸುಮಾರಿಗೆ, ಐವರು ಶಿಷ್ಯರು ನೆಲದಡಿಯ ರೈಲಿನ ಮೂರು ಮಾರ್ಗಗಳಲ್ಲಿ ಐದು ಗಾಡಿಗಳನ್ನು ಹತ್ತಿ, ಕಾಗದದಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನು ಕೊಡೆಗಳ ಮೊನಚು ತುದಿಯಿಂದ ಚುಚ್ಚಿ ಇಳಿದುಹೋದರು. ಐದೂ ಗಾಡಿಗಳು ಸರಕಾರಿ ಕಚೇರಿಗಳ ನೆಲೆಯಾದ ಕಸುಮಿಗಸೆಕಿ ನಿಲ್ದಾಣದ ಕಡೆಗೆ ಧಾವಿಸುತ್ತಿದ್ದವು. ಆ ನಿಲ್ದಾಣದಲ್ಲಿ ಏನೆಂದು ಅರಿಯದೆ ಚೀಲವನ್ನೆತ್ತಿ ನೆಲವನ್ನು ಒರೆಸಿ ಪ್ರಯಾಣಿಕರಿಗೆ ಹಾದಿ ಮಾಡಿಕೊಟ್ಟ ಇಬ್ಬರು ರೈಲ್ವೆ ನೌಕರರು ಪ್ರಾಣ ತೆತ್ತರು.

ಆ ದಿನದ ಆಸ್ಪತ್ರೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಸರಕಾರದ ಪ್ರತಿಕ್ರಿಯೆ ಎಂಬುದು ಕಾನೂನಿನ ಪುಸ್ತಕದಲ್ಲಿ ಮಾತ್ರ ನಡೆಯುವಂಥದಲ್ಲ. ಮೊದಲು ಬಂದ ವರ್ತಮಾನ, ನಿಲ್ದಾಣದಲ್ಲಿ ಸ್ಫೋಟವಾಗಿದೆ ಎಂಬುದು. ವೈದ್ಯರು ಸುಟ್ಟಗಾಯಗಳಿಗೆ ಸಿದ್ಧರಾಗಿ ನಿಂತರು. ಬಂದವರ ಮೈಮೇಲೆ ಗಾಯವಿಲ್ಲ. ಲೋಕವೆಲ್ಲ ಕತ್ತಲಾಗಿದೆ ಎನ್ನುತ್ತಿದ್ದಾರೆ. ಅಗ್ನಿಶಾಮಕ ದಳ ಪರೀಕ್ಷೆ ನಡೆಸಿ ಅಸಿಟೋನೈಟ್ರೈಲ್ ಎಂಬ ಬೇರೊಂದು ರಾಸಾಯನಿಕದ ಹೆಸರು ಹೇಳಿತು. ಇದು ಸಾರಿನ್ ಎಂದು ಪೊಲೀಸರು ಖಚಿತವಾಗಿ ನುಡಿದದ್ದು ಹನ್ನೊಂದು ಗಂಟೆಗೆ, ಅದೂ ಪತ್ರಿಕಾಗೋಷ್ಠಿಯಲ್ಲಿ. ಆಸ್ಪತ್ರೆಯವರಿಗೆ ಅದು ತಿಳಿದದ್ದು ದೂರದರ್ಶನದಿಂದ! ಅಷ್ಟರಲ್ಲಿ ದೂರದ ಮತ್ಸುಮೊಟೊದಿಂದ, ಹಿಂದಿನ ವರ್ಷ ಇದೇ ರೋಗಿಗಳನ್ನು ಕಂಡಿದ್ದ ವೈದ್ಯರೊಬ್ಬರು ದೂರದರ್ಶನದ ದೃಶ್ಯಗಳನ್ನು ನೋಡಿ, ತಾವಾಗಿಯೇ ದೂರವಾಣಿಯಲ್ಲಿ ಟೋಕಿಯೋದ ವೈದ್ಯರಿಗೆ ಸೂಚನೆ ಕೊಟ್ಟಿದ್ದರು.

ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಮಂದಿ ಬಂದರು. ಅದರ ಮುಖ್ಯಸ್ಥರಾಗಿದ್ದ ಹಿನೊಹರಾ ಶಿಗೆಆಕಿ ಆಗ 83 ವರ್ಷದ ವೃದ್ಧರು. 1945ರಲ್ಲಿ ಟೋಕಿಯೋದ ಮೇಲೆ ಬಾಂಬಿನ ಮಳೆ ಸುರಿದಾಗ ಸ್ಥಳವಿಲ್ಲದೆ, ಸಾಧನವಿಲ್ಲದೆ ರೋಗಿಗಳು ಸಾಯುವುದನ್ನು ಕಣ್ಣಾರೆ ಕಂಡಿದ್ದ ಅವರು, ಹೊಸ ಆಸ್ಪತ್ರೆ ಕಟ್ಟುವಾಗ ಮೊಗಸಾಲೆಗಳ ಗೋಡೆಗಳಲ್ಲಿಯೂ ಪ್ರಾರ್ಥನಾಮಂದಿರದಲ್ಲಿಯೂ ಆಮ್ಲಜನಕದ ಕೊಳವೆಗಳನ್ನು ಹಾಯಿಸಿದ್ದರು. ಅತಿಯಾದ ಖರ್ಚೆಂದು ಆಗ ಟೀಕೆ ಬಂದಿತ್ತು. ಅಂದು ಬೆಳಗ್ಗೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ, ಬಂದವರೆಲ್ಲರನ್ನೂ ಒಳಗೆ ಬಿಡಿರೆಂದು ಅವರು ಆಜ್ಞಾಪಿಸಿದರು; ಪ್ರಾರ್ಥನಾಮಂದಿರ ರೋಗಿಗಳಿಂದ ತುಂಬಿತು. ಆದರೆ ವಿಷ ಅಂಟಿದ ಬಟ್ಟೆಗಳನ್ನು ಹೊರಗೇ ಕಳಚಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಗಾಳಿಯಾಡದ ಆ ಕೋಣೆಗಳಲ್ಲಿ ಸೇವೆ ಮಾಡುತ್ತಿದ್ದವರ ಕಣ್ಣುಗಳೂ ಮಂಜಾಗತೊಡಗಿದವು. ಅನಂತರ ವಿಚಾರಿಸಿದಾಗ 110 ಮಂದಿ ಸಿಬ್ಬಂದಿಗೆ ವಿಷದ ಲಕ್ಷಣಗಳು ಕಂಡಿದ್ದವೆಂದು ತಿಳಿಯಿತು. ಪ್ರತಿವಿಷವಾದ ಪ್ಯಾಮ್ ಎಂಬ ಔಷಧ ಕೀಟನಾಶಕ ಕುಡಿದವರಿಗೆ ಕೊಡುವಂಥದು. ಮಹಾನಗರದಲ್ಲಿ ಅದರ ದಾಸ್ತಾನು ಅಲ್ಪ. ಅದನ್ನು ಪಶ್ಚಿಮದ ಊರುಗಳಿಂದ ಸಂಗ್ರಹಿಸಿ ವೇಗದ ರೈಲಿನಲ್ಲಿ ಟೋಕಿಯೋಗೆ ಮುಟ್ಟಿಸಿದ್ದು ಔಷಧ ವ್ಯಾಪಾರಿಗಳು. ಒಟ್ಟು ಹದಿಮೂರು ಮಂದಿ ಸತ್ತರು. 2020ರಲ್ಲಿ, ಇಪ್ಪತ್ತೈದು ವರ್ಷ ಹಾಸಿಗೆಯಲ್ಲಿ ನವೆದ ಮಹಿಳೆಯೊಬ್ಬರು ತೀರಿಕೊಂಡು ಹದಿನಾಲ್ಕಾಯಿತು. ಬಾಧಿತರಾದವರು ಆರು ಸಾವಿರದಷ್ಟು.

ಮಾರ್ಚ್ 22ರಂದು ಪೊಲೀಸರು ಕಮಿಕುಯಿಶಿಕಿಯನ್ನು ಪ್ರವೇಶಿಸಿದಾಗ ಅವರ ಮುಂದಾಳುಗಳ ಕೈಯಲ್ಲಿ ಪಂಜರದೊಳಗಿನ ಕ್ಯಾನರಿ ಹಕ್ಕಿಗಳಿದ್ದವು. ಕಲ್ಲಿದ್ದಲ ಗಣಿಗಳ ಕಾಲದ ಉಪಾಯ ಅದು: ಹಕ್ಕಿ ಬಿದ್ದರೆ ಗಾಳಿ ಕೆಟ್ಟಿದೆಯೆಂದು ತಿಳಿಯಬೇಕು. ವಿದ್ಯುನ್ಮಾನ ಯಂತ್ರಗಳಿಗೆ ಲೋಕವಿಖ್ಯಾತವಾದ ದೇಶ ವಿಷವನ್ನು ಕಂಡುಹಿಡಿಯಲು ಹಕ್ಕಿಯನ್ನು ನಂಬಬೇಕಾಯಿತು. ಎಂಟು ದಿನಗಳ ನಂತರ ರಾಷ್ಟ್ರೀಯ ಪೊಲೀಸ್ ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಗುಂಡು ಹಾರಿತು; ಅವರು ಬದುಕಿದರು. ಹಾರಿಸಿದವರು ಯಾರೆಂಬುದು ಸಾಬೀತಾಗದೆ 2010ರಲ್ಲಿ ಮೊಕದ್ದಮೆಯ ಅವಧಿ ಮುಗಿಯಿತು. ಗುರು ಸಿಕ್ಕಿದ್ದು ಮೇ 16ರಂದು, ಆರನೆಯ ಸತ್ಯನ್ನಿನ ಗುಪ್ತ ಗೂಡೊಂದರಲ್ಲಿ.

ಆಮೇಲೆ ಕಾನೂನುಗಳು ಬೇಗಬೇಗನೆ ಬಂದವು. ಸಾರಿನ್ನಿನ ತಯಾರಿಕೆಯನ್ನೂ ಸಂಗ್ರಹವನ್ನೂ ನಿಷೇಧಿಸುವ ಕಾಯಿದೆ ಏಪ್ರಿಲ್ ತಿಂಗಳಿನಲ್ಲಿ. ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕೆ ಅನುಮೋದನೆ ಸೆಪ್ಟೆಂಬರಿನಲ್ಲಿ. ಧಾರ್ಮಿಕ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ಡಿಸೆಂಬರಿನಲ್ಲಿ. ಪ್ರಾಂತಗಳ ಗಡಿ ದಾಟಿ ತನಿಖೆ ನಡೆಸುವ ಅಧಿಕಾರ ಮರುವರ್ಷ. ಇವೆಲ್ಲ ಆಗಬೇಕಾದವೇ. ನಿಜವಾದ ಪರೀಕ್ಷೆ ಬಂದದ್ದು ಬೇರೆಡೆ. 1952ರ ಬುಡಮೇಲು ಕೃತ್ಯಗಳ ನಿರೋಧ ಕಾಯಿದೆಯ ಪ್ರಕಾರ ಸಂಸ್ಥೆಯೊಂದನ್ನು ಸಂಪೂರ್ಣವಾಗಿ ನಿಷೇಧಿಸಬಹುದಾಗಿತ್ತು. ಅದುವರೆಗೆ ಯಾವ ಸಂಸ್ಥೆಯ ಮೇಲೂ ಆ ಅಸ್ತ್ರವನ್ನು ಪ್ರಯೋಗಿಸಿರಲಿಲ್ಲ. ಆಗ ಪ್ರಧಾನಿಯಾಗಿದ್ದ ಮುರಯಾಮಾ ತೊಮಿಯಿಚಿ ಸಮಾಜವಾದಿ. ಆ ಕಾಯಿದೆ ಹುಟ್ಟಿದಾಗ ಬೀದಿಗಿಳಿದು ಅದನ್ನು ವಿರೋಧಿಸಿದ್ದು ಅವರ ಪಂಥವೇ. ಬಹಳ ತೊಳಲಾಡಿ ಅವರು 1995ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. ಆದರೆ ವಿಷಯವನ್ನು ನಿರ್ಣಯಿಸಬೇಕಾದ ಸ್ವತಂತ್ರ ಆಯೋಗವು 1997ರ ಜನವರಿ 31ರಂದು, ಈ ಕೂಟ ಮುಂದೆಯೂ ಅಂಥ ಕೃತ್ಯಗಳನ್ನು ಎಸಗುವುದೆಂದು ನಂಬಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿ ಸರಕಾರದ ಕೋರಿಕೆಯನ್ನು ತಳ್ಳಿಹಾಕಿತು.

ಅನೇಕರಿಗೆ ಇದು ದುರ್ಬಲತೆಯೆಂದು ತೋರಿತು. ನನಗೆ ಹಾಗೆ ತೋರುವುದಿಲ್ಲ. 1993ರಲ್ಲಿ ಕಮೆಯಿದೊದ ಬಾಗಿಲನ್ನು ತಟ್ಟಲು ಬೇಕಾಗಿದ್ದುದು ಸಂಸ್ಥೆಗಳನ್ನೇ ಅಳಿಸಿಹಾಕುವ ಮಹಾಕಾಯಿದೆಯಲ್ಲ. ಸಾಮಾನ್ಯ ಆರೋಗ್ಯಾಧಿಕಾರಿಯ ಕುತೂಹಲ, ಒಂದು ಸೂಕ್ಷ್ಮದರ್ಶಕ, ಪಕ್ಕದ ಪ್ರಾಂತಕ್ಕೆ ಒಂದು ಪತ್ರ. 1999ರಲ್ಲಿ ತಂದ ಹೊಸ ಕಾಯಿದೆ ಈ ದೃಷ್ಟಿಯಿಂದ ಹೆಚ್ಚು ವಿವೇಕದ್ದು: ಕೂಟ ಉಳಿಯಬಹುದು, ಆದರೆ ಸದಸ್ಯರ ಪಟ್ಟಿಯನ್ನೂ ಆಸ್ತಿಯ ಲೆಕ್ಕವನ್ನೂ ಒಪ್ಪಿಸಬೇಕು, ಅಧಿಕಾರಿಗಳು ಬಂದರೆ ಬಾಗಿಲು ತೆರೆಯಬೇಕು. ಹೆಸರು ಬದಲಿಸಿಕೊಂಡು ಉಳಿದಿರುವ ಶಾಖೆಗಳ ಮೇಲೆ ಈ ನಿಗಾ ಮುಂದುವರಿದಿದೆ. ಗುರುವನ್ನೂ ಹನ್ನೆರಡು ಶಿಷ್ಯರನ್ನೂ 2018ರ ಜುಲೈ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಅವರೊಡನೆ, ಇಷ್ಟು ಓದಿದ ತರುಣರು ಏಕೆ ಹೀಗಾದರೆಂಬ ಪ್ರಶ್ನೆಗೆ ಉತ್ತರ ಹೇಳಬಹುದಾಗಿದ್ದ ಬಾಯಿಗಳೂ ಮುಚ್ಚಿದವು.

ಹೆಚ್ಚು ಬೆದರಿದ್ದು ಜಪಾನಲ್ಲ, ಅಮೆರಿಕ. ಅಲ್ಲಿಯ ಸೆನೆಟ್ಟಿನ ಉಪಸಮಿತಿಯೊಂದು 1995ರಲ್ಲಿಯೇ ಈ ಕೂಟದ ಬಗ್ಗೆ ವಿಚಾರಣೆ ನಡೆಸಿತು. 1996ರಲ್ಲಿ 120 ನಗರಗಳ ಪೊಲೀಸರಿಗೂ ವೈದ್ಯರಿಗೂ ತರಬೇತಿ ಕೊಡುವ ಶಾಸನ ಬಂದಿತು. 2001ರ ಶರತ್ಕಾಲದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂದು ಐವರು ಸತ್ತರು, ಹದಿನೇಳು ಮಂದಿ ರೋಗಿಗಳಾದರು. ಈ ಸಲ ಪುಡಿ ನಿಜವಾಗಿಯೂ ಮಾರಕವಾದದ್ದು. ಅಮೆರಿಕದ ತನಿಖಾ ಸಂಸ್ಥೆಯ ತೀರ್ಮಾನದಂತೆ ಅದನ್ನು ಕಳಿಸಿದವನು ಸೈನ್ಯದ ಪ್ರಯೋಗಾಲಯದಲ್ಲಿ ಆಂಥ್ರಾಕ್ಸ್ ಲಸಿಕೆಯ ಮೇಲೆಯೇ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಆತ 2008ರಲ್ಲಿ ವಿಚಾರಣೆಗೆ ಮೊದಲೇ ಆತ್ಮಹತ್ಯೆ ಮಾಡಿಕೊಂಡ; ವೈಜ್ಞಾನಿಕ ಸಾಕ್ಷ್ಯವಷ್ಟರಿಂದಲೇ ಹಾಗೆ ಖಚಿತವಾಗಿ ಹೇಳಲಾಗದೆಂದು 2011ರಲ್ಲಿ ಅಲ್ಲಿಯ ವಿಜ್ಞಾನ ಅಕಾಡೆಮಿಯ ಪರಿಶೀಲನೆ ತಿಳಿಸಿತು. ಅದಕ್ಕೆ ಮುಂಚೆ ಮತ್ತೊಬ್ಬ ನಿರಪರಾಧಿಯ ಮೇಲೆ ವರ್ಷಗಟ್ಟಲೆ ಸಂಶಯ ಹೊರಿಸಿ, ಕೊನೆಗೆ ಸರಕಾರ ಹಲವು ಲಕ್ಷ ಡಾಲರುಗಳ ಪರಿಹಾರ ಕೊಡಬೇಕಾಯಿತು. ಸೆನೆಟ್ ಕಟ್ಟಡದ ನೌಕರರಿಗೆ ಕೂಡಲೆ ಔಷಧ ಹಂಚಿದವರು, ಅದೇ ಲಕೋಟೆ ಹಾದುಬಂದ ವಾಷಿಂಗ್ಟನ್ನಿನ ಅಂಚೆ ಕೇಂದ್ರವನ್ನು ಮಾತ್ರ ಕೆಲವು ದಿನ ತೆರೆದೇ ಇಟ್ಟರು. ಮುಚ್ಚಿದ ಲಕೋಟೆಯಿಂದ ಪುಡಿ ಸೋರದೆಂದು ಅವರ ನಂಬಿಕೆ. ಅಲ್ಲಿ ಇಬ್ಬರು ನೌಕರರು ಸತ್ತರು.

ಮತ್ಸುಮೊಟೊದ ಆ ಗೃಹಸ್ಥನ ಹೆಂಡತಿಗೆ ಮತ್ತೆ ಪ್ರಜ್ಞೆ ಮರಳಲಿಲ್ಲ. ಹದಿನಾಲ್ಕು ವರ್ಷ ಗಂಡ ಅವಳ ಆರೈಕೆ ಮಾಡಿದ. ಓಂ ಕೂಟದ ಕೃತ್ಯಗಳಿಂದ ನೊಂದವರಿಗೆ ಸರಕಾರವೇ ಪರಿಹಾರಧನ ಕೊಡುವ ಕಾಯಿದೆಯನ್ನು ಜಪಾನಿನ ಸಂಸತ್ತು 2008ರ ಜೂನ್ ತಿಂಗಳಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು ಡಿಸೆಂಬರಿನಲ್ಲಿ. ಆಕೆ ಆಗಸ್ಟ್ ತಿಂಗಳಲ್ಲಿ ತೀರಿಕೊಂಡಿದ್ದಳು.